ಊಟಕ್ಕೆ ಬಾಗಿಲು ಹಾಕುವ ವೆಬ್‌ಸೈಟು

ಮಧ್ಯಾಹ್ನ ಎರಡಕ್ಕೆ ಊಟಕ್ಕೆಂದು ಬಾಗಿಲು ಹಾಕಿ, ಒಂದು ನಿದ್ದೆ ಮುಗಿಸಿ, ನಾಲ್ಕಕ್ಕೆ ಮತ್ತೆ ತೆರೆಯುವ ವೆಬ್‌ಸೈಟನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅದು ನಮ್ಮ ಚಿಕ್ಕಪ್ಪನದು. ಜರ್ಮನಿ, ಜಪಾನುಗಳ ಸಾಫ್ಟ್‌ವೇರ್ ಪಂಡಿತರನ್ನೆಲ್ಲ ನಮ್ಮೂರು ಅರಕೆರೆಯ ಊಟದ ಹೊತ್ತಿಗೆ ಹೊಂದಿಕೊಳ್ಳುವಂತೆ ಮಾಡಿದ ಪುಣ್ಯಾತ್ಮ ಪ್ರಪಂಚದಲ್ಲಿ ಅವನೊಬ್ಬನೇ ಇರಬೇಕು!

ಚಿಕ್ಕಪ್ಪ ಓದಿದ್ದು ಪಿಯುಸಿ, ಅದನ್ನೂ ಎರಡು ಸಲ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಒಂದು ಗಾಡಿ ಹೋಗಿ ಇನ್ನೊಂದು ಬರುವ ನಡುವೆ ಸಿಗುವ ಬಿಡುವಿನಲ್ಲಿ, ಯಾರೋ ಬಿಟ್ಟುಹೋಗಿದ್ದ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಓದಿ ಪ್ರೋಗ್ರಾಮ್ ಬರೆಯುವುದನ್ನು ಕಲಿತುಬಿಟ್ಟ. ನಿವೃತ್ತನಾಗಿ ಮನೆಗೆ ಬಂದ ಮೇಲೆ ಬೇರೆಯವರು ಇಸ್ಪೀಟು ಆಡಿದರೆ ಇವನು ಒಂದು ಉಪಕರಣ ತಯಾರಿಸಿದ. ಉಪಕರಣ ಅಂದರೆ ಕೈಯಲ್ಲಿ ಹಿಡಿಯುವಂಥದ್ದಲ್ಲ, ಕಂಪ್ಯೂಟರಿನೊಳಗೆ ಓಡುವಂಥದ್ದು. ಹೆಸರು ‘ಜೋಡಿ’.

ಪ್ರೋಗ್ರಾಮ್ ಬರೆಯುವವರಿಗೆ ಒಂದು ಕಷ್ಟವಿದೆಯಂತೆ. ನಿನ್ನೆ ಚೆನ್ನಾಗಿ ಓಡುತ್ತಿದ್ದದ್ದನ್ನು ಇವತ್ತು ತಿದ್ದುತ್ತಾರೆ, ತಿದ್ದಿದ್ದೇ ತಡ ಅದು ಕೆಟ್ಟು ಕೂರುತ್ತದೆ, ಎಲ್ಲೆಲ್ಲಿ ಕೈಯಾಡಿಸಿದೆವು ಅನ್ನುವುದು ಮರೆತುಹೋಗಿರುತ್ತದೆ. ‘ಜೋಡಿ’ ನಿನ್ನೆಯದನ್ನು ಎಡಕ್ಕೂ ಇವತ್ತಿನದನ್ನು ಬಲಕ್ಕೂ ನಿಲ್ಲಿಸಿ, ವ್ಯತ್ಯಾಸ ಇರುವ ಕಡೆಗೆಲ್ಲ ಅರಿಶಿನದ ಬಣ್ಣ ಬಳಿದು ತೋರಿಸುತ್ತದೆ. ಇಂಥವು ಬೇಕಾದಷ್ಟಿವೆ ಎಂದು ತಿಳಿದವರು ಹೇಳುತ್ತಾರೆ. ಇರಲಿ. ಚಿಕ್ಕಪ್ಪನದು ಪುಕ್ಕಟೆ, ಮತ್ತು ಎಂಥ ಮುದಿ ಕಂಪ್ಯೂಟರಿನಲ್ಲೂ ಓಡುತ್ತಿತ್ತು.

ಹೊಸದರಲ್ಲಿ ಅದರ ಪರೀಕ್ಷೆಗೆ ಸಿಕ್ಕಿದವಳು ಚಿಕ್ಕಮ್ಮ. ಸೋಮವಾರ ಬಸ್ಸಾರು ಮಾಡುವ ವಿಧಾನ ಹೇಳಿಸಿ ಬರೆದುಕೊಂಡ. ಗುರುವಾರ ಮತ್ತೆ ಹೇಳಿಸಿ ಬರೆದುಕೊಂಡ. ಎರಡನ್ನೂ ‘ಜೋಡಿ’ಗೆ ಕೊಟ್ಟರೆ ಪರದೆಯೆಲ್ಲ ಅರಿಶಿನ!

“ನೋಡು, ಸ್ವಾಮಾರ ಬೆಳ್ಳುಳ್ಳಿ ಎಂಟೆಸಳು ಅಂದಿದ್ದೆ, ಈವತ್ತು ಒಂದಿಡಿ ಅಂತೀಯ,” ಎಂದು ಚಿಕ್ಕಪ್ಪ ಹಿಗ್ಗಿದ.

ಚಿಕ್ಕಮ್ಮ ಕೆ.ಆರ್. ಪೇಟೆ ಕಡೆಯ ಹೆಣ್ಣು, ಮಾತಿಗೆ ಸೋಲುವವಳಲ್ಲ. “ದಿನಾ ಒಂದೇ ತರ ಸಾರು ಕಾಯ್ಸಾಕೆ ನಾನೇನು ಮಿಸಿನ್ನಾ? ಬೆಳ್ಳುಳ್ಳಿ ಗಾತ್ರ ನೋಡಿ ಆಕ್ತೀನಿ. ನಿಮ್ಮ ಪೆಟ್ಗೆಗೆ ಗಾತ್ರ ಗೊತ್ತಾ, ಕೇಳಿ,” ಅಂದಳು. ಪೆಟ್ಟಿಗೆಗೆ ಗೊತ್ತಿರಲಿಲ್ಲ.

ಆಮೇಲೆ ವೆಬ್‌ಸೈಟು ಬಂತು. ನೆತ್ತಿಯ ಮೇಲೆ ಚಿಕ್ಕಪ್ಪ ತಾನೇ ಬರೆದ ಚಿತ್ರ: ಅಕ್ಕಪಕ್ಕ ನಿಂತ ಎರಡು ಹಳ್ಳಿಕಾರ್ ಎತ್ತುಗಳ ಮುಖ, ಉದ್ದನೆಯ ಕೊಂಬು. ಯಾವುದೋ ದೇಶದ ಒಬ್ಬ ಪತ್ರ ಬರೆದ, ‘ನಿಮ್ಮ ಉಪಕರಣ ಸೊಗಸಾಗಿದೆ, ಆ ಮೊಲಗಳೂ ಮುದ್ದಾಗಿವೆ’ ಅಂತ. ಮೊಲಗಳು! ಚಿಕ್ಕಪ್ಪ ಎರಡು ದಿನ ಸರಿಯಾಗಿ ಉಂಡಿಲ್ಲ. ಮೂರನೆಯ ದಿನ ಹಳ್ಳಿಕಾರ್ ತಳಿಯ ಬಗ್ಗೆ, ಅದರ ನಡಿಗೆ, ಹಲ್ಲು, ಸುಳಿಯ ಬಗ್ಗೆ ಎರಡು ಪುಟ ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಆ ಪುಣ್ಯಾತ್ಮ ಕ್ಷಮೆ ಕೇಳಿ, ನನಗೂ ಒಂದು ಎತ್ತು ಸಾಕಬೇಕು ಅನ್ನಿಸುತ್ತಿದೆ ಎಂದು ಉತ್ತರಿಸಿದ.

ಬಂದ ಪತ್ರಕ್ಕೆಲ್ಲ ಚಿಕ್ಕಪ್ಪ ಖುದ್ದಾಗಿ ಉತ್ತರ ಬರೆಯುತ್ತಿದ್ದ. ಮನೆಗೆ ಬಂದವರನ್ನು ಮಾತಾಡಿಸುವ ಹಾಗೆಯೇ ಶುರು: ಪ್ರಯಾಣ ಸುಖವಾಯಿತೇ, ಟಿಫನ್ ಆಯಿತೇ? ಒಬ್ಬಾತ ಗಾಬರಿಯಾಗಿ ಕೇಳಿದ್ದ, ‘ಟಿಫನ್ ಅನ್ನುವುದನ್ನು ಮೊದಲೇ ಇನ್‌ಸ್ಟಾಲ್ ಮಾಡಿಕೊಳ್ಳಬೇಕೇ?’ ಹೌದು, ಪ್ರತಿದಿನ ಬೆಳಿಗ್ಗೆ, ಎಂದು ಚಿಕ್ಕಪ್ಪನ ಉತ್ತರ.

ಇನ್ನು ಬಾಗಿಲಿನ ಸಂಗತಿ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಕಂಪ್ಯೂಟರ್ ಒರೆಸಿ, ಒಂದು ಊದುಬತ್ತಿ ಹಚ್ಚಿ, ಏಳಕ್ಕೆ ಸರಿಯಾಗಿ ವೆಬ್‌ಸೈಟು ತೆರೆಯುತ್ತಿದ್ದ. ರಾತ್ರಿ ಎಂಟಕ್ಕೆ ಅದನ್ನು ತೆಗೆದು ‘ಬಾಗಿಲು ಹಾಕಿದೆ, ಬೆಳಿಗ್ಗೆ ಏಳಕ್ಕೆ ದಯಮಾಡಿಸಿ’ ಎಂಬ ಇಂಗ್ಲಿಷ್ ಪುಟ ಇಡುತ್ತಿದ್ದ. ಅಮಾವಾಸ್ಯೆ ರಜ. ಗ್ರಹಣದ ದಿನ ಕೀಬೋರ್ಡಿನ ಮೇಲೆ ದರ್ಭೆ.

“ಚಿಕ್ಕಪ್ಪ, ವೆಬ್‌ಸೈಟು ತನ್ನ ಪಾಡಿಗೆ ತಾನು ತೆರ್ಕೊಂಡಿರುತ್ತೆ, ನೀನು ಕಾಯಬೇಕಿಲ್ಲ,” ಎಂದು ನಾನು ಎಷ್ಟು ಸಲ ಹೇಳಿದ್ದೇನೋ! ನಾನು ನಾಗಮಂಗಲದ ಹೈಸ್ಕೂಲಿನಲ್ಲಿ ಮೇಡಂ, ನಾಲ್ಕು ಜನಕ್ಕೆ ಬುದ್ಧಿ ಹೇಳಿ ಅಭ್ಯಾಸ.

“ನಾನಿಲ್ದಾಗ ನೆಂಟ್ರು ಬಂದು, ಮಾತಾಡ್ಸೋರಿಲ್ದೆ ವಾಪಸ್ಸಾದ್ರೆ ಮರ್ವಾದೆ ಏನಾಯ್ತದಮ್ಮಿ? ಬಾಗ್ಲು ತೆಗುದ್ಮೇಲೆ ಒಳಗೆ ಮನ್ಸ ಇರ್ಬೇಕು,” ಅನ್ನುತ್ತಿದ್ದ.

ಆಗ ನಗುತ್ತಿದ್ದೆ. ಈಗ ಚಿಕ್ಕಪ್ಪನ ಕಣ್ಣು ಮಂಜಾಗಿ, ಪಾಂಡವಪುರದಲ್ಲಿರುವ ಅವನ ಮಗಳು ಅದನ್ನು ನೋಡಿಕೊಳ್ಳುತ್ತಾಳೆ. ಹಗಲೂ ರಾತ್ರಿ ತೆರೆದೇ ಇರುತ್ತದೆ, ಮೊದಲಿಗಿಂತ ಚೆಂದವಾಗಿದೆ. ಆದರೂ ಅದನ್ನು ನೋಡುವಾಗ, ಮುಂಬಾಗಿಲು ತೆರೆದಿಟ್ಟು ಯಾರೂ ಕಾಣದ ಮನೆಗೆ ಹೋದ ಹಾಗೆ ನನಗೆ ಕಸಿವಿಸಿಯಾಗುತ್ತದೆ. ಆ ಊದುಬತ್ತಿಯ ವಾಸನೆ ಬೇಕು ಅನ್ನಿಸುತ್ತದೆ.

ಎತ್ತಿನ ಮಾತು ಅರ್ಧಕ್ಕೆ ನಿಂತಿತು. ಚಿತ್ರದಲ್ಲಿದ್ದವು ನಮ್ಮ ಮನೆಯವೇ, ಅಪ್ಪ ಕರುಗಳಿಂದ ಸಾಕಿದ ಜೋಡಿ. ಚಿಕ್ಕಪ್ಪ ನಿವೃತ್ತನಾದ ವರ್ಷ ಅಣ್ಣತಮ್ಮಂದಿರ ಭಾಗವಾಯಿತು. ಗದ್ದೆ ಅರ್ಧ, ಮನೆ ಅರ್ಧ, ಎತ್ತು ಒಬ್ಬೊಬ್ಬರಿಗೆ ಒಂದೊಂದು. ಭಾಗ ಕಾಗದದ ಮೇಲೆ ಮಾತ್ರ, ಎತ್ತುಗಳು ಒಂದೇ ಕೊಟ್ಟಿಗೆಯಲ್ಲಿರುತ್ತವೆ ಎಂದು ಅಪ್ಪ ನಂಬಿದ್ದ. ಚಿಕ್ಕಪ್ಪ ಏನು ಮಾಡಬೇಕು? ತನ್ನ ಪಾಲಿನ ಎತ್ತು ಮಾರಿ ಕಂಪ್ಯೂಟರ್ ತಂದ! ಒಂಟಿ ಎತ್ತನ್ನು ಯಾವ ನೇಗಿಲಿಗೆ ಕಟ್ಟುವುದು? “ನನ್ ಜೋಡಿ ಮುರ್ದು ಪೆಟ್ಗೆ ತಂದವ್ನೆ. ಇನ್ನವ್ನ ಮಕ ನೋಡಕ್ಕಿಲ್ಲ,” ಎಂದ ಅಪ್ಪ, ಹಿತ್ತಿಲಿಗೆ ಅಡ್ಡಗೋಡೆ ಎಬ್ಬಿಸಿದ. ಉಳಿದ ಎತ್ತನ್ನು ಅದು ಮುದಿಯಾಗಿ ಸಾಯುವ ತನಕ ಕೂರಿಸಿ ಸಾಕಿದ. ಉಪಕರಣಕ್ಕೆ ಚಿಕ್ಕಪ್ಪ ‘ಜೋಡಿ’ ಎಂದೇ ಹೆಸರಿಟ್ಟದ್ದನ್ನು ಅಪ್ಪನಿಗೆ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಹತ್ತು ವರ್ಷ ಗೋಡೆಯ ಆಚೆಯವನು ಕೆಮ್ಮಿದ್ದು ಈಚೆಯವನಿಗೆ ಕೇಳಿಸುತ್ತಿತ್ತು, ಮಾತು ಮಾತ್ರ ಇಲ್ಲ.

ಗೋಡೆ ದಾಟುತ್ತಿದ್ದವಳು ನಾನು. ರಜಕ್ಕೆ ಊರಿಗೆ ಹೋದಾಗಲೆಲ್ಲ ಬೀದಿ ಬಳಸಿ ಚಿಕ್ಕಪ್ಪನ ಅಂಗಡಿಗೆ ಹಾಜರು. ಅಂಗಡಿ ಅಂತಲೇ ನಾವೆಲ್ಲ ಕರೆಯುತ್ತಿದ್ದದ್ದು. ಅಲ್ಲಿ ನನಗೆ ಒಂದು ಸೋಜಿಗ ಕಂಡಿತ್ತು. ವೆಬ್‌ಸೈಟೆಲ್ಲ ಇಂಗ್ಲಿಷು, ಆದರೆ ಕಟ್ಟಕಡೆಯಲ್ಲಿ ದಿನವೂ ಬದಲಾಗುವ ಒಂದು ಸಾಲು ಕನ್ನಡ. ‘ನಾಲೆಗೆ ನೀರು ಬಿಟ್ಟವರೆ.’ ‘ಮಂಡಿ ನೋವು, ಎಣ್ಣೆ ಹಚ್ಚಿದೆ.’ ‘ಬಾಬುರಾಯನಕೊಪ್ಪಲಿನ ಅತ್ತೆ ಕೇಳಿದರು, ಎಲ್ಲರನ್ನೂ.’

“ಜರ್ಮನಿಯವನಿಗೆ ನಿನ್ನ ಮಂಡಿ ಕಟ್ಟಿಕೊಂಡು ಏನಾಗಬೇಕು ಚಿಕ್ಕಪ್ಪ?”

“ಓದೋರು ಓದ್ತಾರೆ ಬುಡಮ್ಮಿ.”

ಪಕ್ಕದಲ್ಲೇ, ಅವತ್ತು ಎಷ್ಟು ಜನ ಬಂದರೆಂದು ತೋರಿಸುವ ಲೆಕ್ಕದ ಡಬ್ಬಿ. ದಿನಾ ಸೊನ್ನೆಯಿಂದ ಶುರು. ಏಳಕ್ಕೆ ತೆರೆದ ನಿಮಿಷದೊಳಗೆ ಒಂದು ಆಗುತ್ತಿತ್ತು. ಆಮೇಲೆ ಬೆಳಗಿನ ಎಂಟರ ತನಕ ಯಾರೂ ಇಲ್ಲ. “ಬೋಣಿ ಆಯ್ತು,” ಎಂದು ಚಿಕ್ಕಪ್ಪ ಕಾಫಿ ಲೋಟ ಎತ್ತುತ್ತಿದ್ದ. “ಒಂದಿನ ತಪ್ಪುಸ್ಲಿಲ್ಲ ಕಣಮ್ಮಿ ಆ ಗಿರಾಕಿ.”

ಅಷ್ಟು ಸರಿಯಾಗಿ ಹೊತ್ತು ಪಾಲಿಸುವವನು ಜಪಾನಿನವನೇ ಇರಬೇಕು ಎಂದು ನಾನು ತೀರ್ಪು ಕೊಟ್ಟೆ. ಚಿಕ್ಕಪ್ಪ ಕಾಫಿ ಕುಡಿದ.

ಒಂದು ದಸರಾ ರಜ. ಚಿಕ್ಕಮ್ಮ ಮಗಳ ಬಾಣಂತನಕ್ಕೆ ಪಾಂಡವಪುರಕ್ಕೆ ಹೋಗಿದ್ದಳು, ಚಿಕ್ಕಪ್ಪ ಒಬ್ಬನೇ. ಬೆಳಿಗ್ಗೆ ನಾನು ಬಾಗಿಲಿಗೆ ರಂಗೋಲಿ ಬಿಡುತ್ತಿದ್ದೆ. ಅಪ್ಪ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ. ಅದು ನಾನೇ ಕೊಟ್ಟ ನನ್ನ ಹಳೇ ಫೋನು, ಅದರಲ್ಲಿ ಬೆಲ್ಲದ ರೇಟು ನೋಡುತ್ತೇನೆ ಅನ್ನುತ್ತಿದ್ದ.

“ಅಮ್ಮಿ, ನೆಟ್ಟು ಬತ್ತಾ ಇಲ್ವಾ?”

“ಬರ್ತಿದೆಯಲ್ಲಪ್ಪ.”

“ಏಳೂಕಾಲಾಯ್ತು. ಇನ್ನೂ ಬಾಗ್ಲು ಆಕೇ ಅದೆ.”

ಯಾವ ಬಾಗಿಲು? ರಂಗೋಲಿ ಬಿಟ್ಟು ಎದ್ದು ನೋಡಿದೆ. ಫೋನಿನಲ್ಲಿದ್ದದ್ದು ಬೆಲ್ಲದ ರೇಟಲ್ಲ. ‘ಬಾಗಿಲು ಹಾಕಿದೆ, ಬೆಳಿಗ್ಗೆ ಏಳಕ್ಕೆ ದಯಮಾಡಿಸಿ’ ಎಂಬ ಇಂಗ್ಲಿಷ್ ಪುಟ, ಎತ್ತುಗಳೂ ಇಲ್ಲ, ಕನ್ನಡದ ಸಾಲೂ ಇಲ್ಲ. ನನ್ನ ಹಳೇ ಫೋನಿನಲ್ಲಿ ಚಿಕ್ಕಪ್ಪನ ಅಂಗಡಿಯನ್ನು ತೆರೆಯುವ ಗುರುತು ಹಾಗೇ ಉಳಿದುಹೋಗಿತ್ತು, ಅಪ್ಪ ಅದನ್ನು ದಿನಾ ಒತ್ತುತ್ತಿದ್ದ! ಇಂಗ್ಲಿಷ್ ಒಂದಕ್ಷರ ಬಾರದ ನಮ್ಮಪ್ಪ, ಆ ಜಪಾನಿನ ಗಿರಾಕಿ!

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಬರಿಗಾಲಲ್ಲಿ ಬೀದಿಗಿಳಿದಿದ್ದ. ಹತ್ತು ವರ್ಷ ತಿರುಗಿಯೂ ನೋಡದ ಬಾಗಿಲನ್ನು ಎರಡು ಕೈಯಲ್ಲೂ ಬಡಿದ.

“ಲೇ! ಗಂಟೆ ಎಷ್ಟಾಯ್ತು ಕಣ್ಲಾ! ಅಂಗ್ಡಿ ಯಾಕ್ಲಾ ತೆಗ್ದಿಲ್ಲ?”

ಒಳಗಿಂದ ಸದ್ದಿಲ್ಲ. ಅಪ್ಪ ಮನೆ ಬಳಸಿ ಹೋಗಿ ಹಿತ್ತಿಲ ಬಾಗಿಲನ್ನು ಭುಜ ಕೊಟ್ಟು ಮುರಿದ. ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಬಿದ್ದಿದ್ದ, ಮೈಯೆಲ್ಲ ಬೆವರು, ಎಚ್ಚರವಿಲ್ಲ. ಕೈಯಲ್ಲಿ ಹಚ್ಚದ ಊದುಬತ್ತಿ. ಆಟೋದಲ್ಲಿ ಪಟ್ಟಣದ ಆಸ್ಪತ್ರೆ ಮುಟ್ಟುವ ತನಕ ಅಪ್ಪ ಅವನ ತಲೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಡಾಕ್ಟರು ಡ್ರಿಪ್ ಹಾಕಿ, ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿದೆ, ಇನ್ನೊಂದು ಗಂಟೆ ಯಾರೂ ನೋಡದಿದ್ದರೆ ಕಷ್ಟವಿತ್ತು ಅಂದರು. ಸಕ್ಕರೆ ಕಾರ್ಖಾನೆಯಲ್ಲಿ ಜೀವ ತೇದವನಿಗೆ ಸಕ್ಕರೆ ಕಡಿಮೆ! ನಗಬೇಕೆನ್ನಿಸಿತು, ಅತ್ತುಬಿಟ್ಟೆ.

ಚಿಕ್ಕಪ್ಪ ಕಣ್ಣು ಬಿಟ್ಟಾಗ ಎದುರಿಗೆ ಅಪ್ಪ. ಚಿಕ್ಕಪ್ಪ ಹೇಳಿದ್ದು ಇಷ್ಟೇ:

“ಈವತ್ತು ಬೋಣಿ ಆಗ್ಲಿಲ್ಲ ಅಣ್ಣಯ್ಯ.”

ಅಂದರೆ ಅವನಿಗೆ ಗೊತ್ತಿತ್ತು! ಮಂಡಿ ನೋವು, ನಾಲೆ ನೀರು, ಕೇಳಿದ ಅತ್ತೆ, ಎಲ್ಲವೂ ಗೋಡೆಯಾಚೆಯ ಒಬ್ಬನೇ ಒಬ್ಬ ಓದುಗನಿಗೆ. ಅಪ್ಪ ಫ್ಯಾನು ನೋಡುತ್ತಾ, “ಬಾಯ್ಮುಚ್ಕಂಡು ಮನಿಕೊ,” ಅಂದ. ಹೊದಿಕೆಯನ್ನು ಮಾತ್ರ ಕತ್ತಿನ ತನಕ ಎಳೆದ.

ಸಂಜೆಗೆ ಚಿಕ್ಕಮ್ಮ ಓಡಿಬಂದು ಆಸ್ಪತ್ರೆಯಲ್ಲಿ ಉಳಿದಳು, ನಾವು ಊರಿಗೆ ಬಂದೆವು. ಮರುದಿನ ಆರೂವರೆಗೆ ಅಪ್ಪ ಸ್ನಾನ ಮಾಡಿ ನನ್ನನ್ನು ಚಿಕ್ಕಪ್ಪನ ಮನೆಗೆ ಎಳೆದುಕೊಂಡು ಹೋದ. ತಾನು ಸಾಕಿದ ಎತ್ತು ತಿಂದ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಊದುಬತ್ತಿ ಹಚ್ಚಿದ. ಬಾಗಿಲು ತೆಗೆಯುವ ವಿಧಾನ ನನಗೆ ಗೊತ್ತಿತ್ತು.

“ಆ ಸಾಲು ನಾನೇ ಬರೀತೀನಿ,” ಅಂದ. ಒಂದೊಂದೇ ಅಕ್ಷರ ಹುಡುಕಿ ಒತ್ತಲು ಕಾಲು ಗಂಟೆ ಹಿಡಿಯಿತು. ‘ತಮ್ಮ ಉಸಾರಾಗವ್ನೆ. ನಾಳೆ ಮನೆಗೆ ಬತ್ತಾನೆ.’ ಇನ್ನೂ ಎರಡು ನಿಮಿಷವಿತ್ತು. ತೆಗೆಯಲು ಹೋದರೆ ನನ್ನ ಕೈ ಹಿಡಿದ. “ತಡಿ. ಅವ್ನು ಒಂದಿನಾನೂ ಮುಂಚೆ ತೆಗುದವ್ನಲ್ಲ.”

ಏಳಾಯಿತು. ತೆರೆದೆ. ಡಬ್ಬಿಯಲ್ಲಿ ಸೊನ್ನೆ. ಅಪ್ಪ ಕನ್ನಡಕ ಒರೆಸಿ ಅದನ್ನೇ ನೋಡುತ್ತಾ ಕೂತ. ಪಟ್ಟಣದ ಆಸ್ಪತ್ರೆಯ ಮಂಚದ ಮೇಲೆ, ಚಿಕ್ಕಮ್ಮನ ಫೋನು ಹಿಡಿದು ಯಾರು ಏಳು ಗಂಟೆಗೆ ಕಾದಿರುತ್ತಾರೆಂದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೊನ್ನೆ ಹೋಗಿ ಒಂದು ಬಂತು.

“ಬೋಣಿ ಆಯ್ತು ಕಣಮ್ಮಿ,” ಅಂದ ಅಪ್ಪ, ಟವಲಿನಿಂದ ಮುಖ ಒರೆಸಿಕೊಂಡು.