ಕಂಬದೂರಿನ ಬಯಲಲ್ಲಿ ಕ್ಯಾಮೆರಾ ಬೇಟೆ

ಚಿಕ್ಕಂದಿನಲ್ಲಿ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನಾನೊಂದು ಕೃಷ್ಣಮೃಗವನ್ನು ನೋಡಿದೆ. ಅಥವಾ ನೋಡಿದೆನೆಂದು ಅಂದುಕೊಂಡಿದ್ದೇನೆ. ಅದು ಛಂಗನೆ ನೆಗೆದದ್ದು ಚೆನ್ನಾಗಿ ನೆನಪಿದೆ. ಆದರೆ ನನಗೆ ವಯಸ್ಸಾದಂತೆಲ್ಲ ಅದು ನೆಗೆಯುವ ಎತ್ತರವೂ ಹೆಚ್ಚುತ್ತಿರುವುದರಿಂದ ನನಗೇ ಅನುಮಾನ.

ನನ್ನ ಹೆಂಡತಿ ಸರಳಾಳಿಗೆ ಅನುಮಾನವೇ ಇಲ್ಲ. “ಅದು ಮೇಕೆ ಕಣ್ರೀ,” ಎನ್ನುತ್ತಾಳೆ, ಮದುವೆಯಾದಾಗಿನಿಂದ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಈ ಮಾತು! ನನ್ನ ನೆನಪಿನ ಮರ್ಯಾದೆ ಉಳಿಸಲು ಕೊನೆಗೆ ಬೇಟೆಗೇ ಹೊರಟೆ. ಗಾಬರಿಯಾಗಬೇಡಿ, ಕ್ಯಾಮೆರಾ ಬೇಟೆ. ಬೇರೆ ಬೇಟೆಗೆ ಜೈಲು. ಇದಕ್ಕೆ ಅವಮಾನ ಮಾತ್ರ.

ಕಲ್ಯಾಣದುರ್ಗದಲ್ಲಿ ಸರಳಾಳ ತಮ್ಮ ನಾಗರಾಜ ಕಾಫಿ ಕೊಟ್ಟು, “ಜಾಗ ತಿಳಿದೋರ್ನ ಒಬ್ರನ್ನ ಜತೆಗ್ ಕಳಿಸ್ತೀನಿ ಭಾವ,” ಎಂದ.

“ಸರ್ಕಾರಿ ಬೀಳು ತಾನೆ? ಗೇಟಿಲ್ಲ, ಟಿಕೆಟ್ಟಿಲ್ಲ. ಗೈಡ್ ಯಾಕಪ್ಪಾ?”

“ಬಿಡೋ ನಾಗಾ,” ಎಂದಳು ಸರಳಾ, “ಮೇಕೆ ನೋಡಾಕೆ ಗೈಡ್ ಯಾಕೆ?”

ಆಂಧ್ರದ ಗಡಿಯಲ್ಲಿ, ಕೃಷ್ಣಮೃಗ ಮೇಯುವ ಕಂಬದೂರಿನ ಕಡೆಯ ಬಯಲಿಗೆ ಅಂಟಿಕೊಂಡೇ ಕಡಲೆಕಾಯಿ ಹೊಲಗಳು. ಪ್ರಾಣಿಗಳಿಗೆ ಕಾಣಬಾರದೆಂದು ನಾನು ಖಾಕಿ ಪ್ಯಾಂಟು, ಖಾಕಿ ಶರ್ಟು, ಖಾಕಿ ಟೋಪಿ ತೊಟ್ಟಿದ್ದೆ. ಪ್ರಾಣಿಗಳ ವಿಷಯ ಗೊತ್ತಿಲ್ಲ, ರೈತರಿಗೆ ಮಾತ್ರ ಸೊಗಸಾಗಿ ಕಂಡೆ!

“ಫಾರೆಸ್ಟ್ ಸಾರು ವಚ್ಚಿನಾರು!” ಎಂದು, ಫಾರೆಸ್ಟ್ ಸಾಹೇಬರೇ ಬಂದರೆಂದು ತೆಲುಗಿನಲ್ಲಿ ಕೂಗಿದ ಹೆಂಗಸೊಬ್ಬಳು ನನ್ನ ಹತ್ತಿರ ಬಂದು ಕನ್ನಡಕ್ಕಿಳಿದಳು. “ನೋಡಿ ಸಾರೂ, ನಿಮ್ ಜಿಂಕೆ ನಮ್ ಕಡ್ಲೆಕಾಯೆಲ್ಲ ಮೇಯ್ದ್ಬುಟ್ಟವೆ!”

“ಜಿಂಕೆ ನನ್ನವಲ್ಲಮ್ಮಾ.”

“ಮೇಯೋವಾಗ ನಿಮ್ಮವು, ಕೇಳೋವಾಗ ಯಾರವೂ ಅಲ್ವಾ?”

“ಸ್ವಲ್ಪ ಮೆತ್ತಗೆ ಮಾತಾಡಿ, ಜಿಂಕೆ ಬೆದರ್ತವೆ,” ಎಂದು ಪಿಸುಗುಟ್ಟಿದೆ. ನನ್ನ ಜೀವಮಾನದ ಅತ್ಯಂತ ದುಬಾರಿ ವಾಕ್ಯ!

“ಕೇಳಿದ್ರೇನ್ರಪ್ಪಾ! ನಮ್ ಬೆಳೆ ಹಾಳಾಗ್ಲಿ, ಇವರ ಜಿಂಕೆ ಬೆದರ್ಬಾರ್ದಂತೆ!”

ಸುತ್ತಲ ಹೊಲಗಳವರೆಲ್ಲ ಬಂದರು.

“ನಾನು ಆಫೀಸರಲ್ಲ, ಮೇಷ್ಟ್ರು,” ಎಂದು ಕೈಮುಗಿದೆ.

“ಮೇಷ್ಟ್ರಾದ್ರೆ ಇನ್ನೂ ವಾಸಿ. ಫೋಟೋನೂ ಹಿಡೀರಿ, ಪರಿಹಾರದ ಅರ್ಜಿನೂ ಬರೀರಿ!”

ಹೀಗೆ, ಜಿಂಕೆಗೆಂದು ಕೊಂಡ ಲೆನ್ಸಿನಲ್ಲಿ ಜಿಂಕೆ ತಿಂದು ಉಳಿಸಿದ ಗಿಡಗಳನ್ನು ಹಿಡಿಯತೊಡಗಿದೆ. ನಿಂತು ಹಿಡಿದರೆ ನಷ್ಟ ಸರಿಯಾಗಿ ಕಾಣುವುದಿಲ್ಲವಂತೆ. ಮಂಡಿಯೂರಿ, ಅಂಗೈಯೂರಿ ಹಿಡಿದೆ. ಎಲ್ಲರೂ ನನ್ನ ಸುತ್ತ ಬಗ್ಗಿ ನೆಲ ನೋಡುತ್ತಿದ್ದರು. ಅತ್ತ ಬೇವಿನ ಮರದಡಿ, ಯಾರೋ ಕೊಟ್ಟ ಹಸಿ ಕಡಲೆಕಾಯಿ ಸುಲಿಯುತ್ತಿದ್ದ ಸರಳಾ ಕೂಗಿದಳು:

“ರೀ, ಇತ್ಲಾಗ್ ನೋಡ್ರೀ!”

“ಇರೇ, ಇನ್ನೊಂದು ಸಾಲೈತೆ!”

ವಾಪಸು ಹೊರಟಾಗ ಕಾರಿನಲ್ಲಿ ಅವಳು ತಾನು ಹಿಡಿದ ಫೋಟೋವೊಂದನ್ನು ತೆರೆದು ಮೊಬೈಲು ಚಾಚಿದಳು. “ನಿಮ್ ಮೇಕೆ ಬಂದಿತ್ತು. ಕರೆದೆ, ನೀವು ತಿರುಗ್ಲೇ ಇಲ್ಲ. ಪಾಪ, ನಿಮ್ಮನ್ನೇ ನೋಡ್ತಾ ನಿಂತಿತ್ತು ಕಣ್ರೀ.”

ಬಸ್ಸಿನ ಕಿಟಕಿಯಲ್ಲಿ ಅಂದು ಕಂಡದ್ದು ಏನೆಂದು ಇದರಿಂದ ಸಾಬೀತಾಗುವುದಿಲ್ಲ. ವಿಜ್ಞಾನ ಓದಿದವನು ನಾನು, ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ಹಿಂದೂಪುರಕ್ಕೆ ಬಂದು, ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಒಂದು ಸಂಗತಿಯನ್ನು ಖಚಿತಪಡಿಸಿಕೊಂಡಿದ್ದೇನೆ. ಅದರಲ್ಲಿ ತಿರುಚಿದ ಕೊಂಬೆತ್ತಿ ಗಂಭೀರವಾಗಿ ನಿಂತಿರುವುದು ಕೃಷ್ಣಮೃಗ. ಅದರ ಹಿಂದೆ ಕಡಲೆಕಾಯಿ ಹೊಲದಲ್ಲಿ, ನಾಲ್ಕು ಕಾಲಿನ ಮೇಲೆ, ಬೆನ್ನು ತಿರುಗಿಸಿಕೊಂಡಿರುವುದು ನಾನು.