ಒದ್ದೆ ಮನುಷ್ಯ ಮತ್ತು ಹದಿನಾಲ್ಕು ಚಮಚ

ಎಣಿಸುವ ಚಟಕ್ಕೆ ಮದ್ದಿಲ್ಲ. ಬೀಡಿ ಸೇದುವವರಿಗೆ, ಇಸ್ಪೀಟು ಆಡುವವರಿಗೆ ಬುದ್ಧಿ ಹೇಳಲು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ವಾರ ಕರೆಂಟು ಎಷ್ಟು ಸಲ ಹೋಯಿತು, ಪಕ್ಕದ ಮನೆಯ ನಾಯಿ ಬೆಳಿಗ್ಗೆ ಎಷ್ಟು ಸಲ ಬೊಗಳಿತು ಎಂದು ಬರೆದಿಡುವವನನ್ನು ಯಾರೂ ತಡೆಯುವುದಿಲ್ಲ. ಕುಂದಾಪುರದ ಒಂದು ಹಂಚಿನ ಕಾರ್ಖಾನೆಯ ಗೋದಾಮಿನಲ್ಲಿ ದಾಸ್ತಾನು ಬರೆಯುವುದು ನನ್ನ ಕೆಲಸ. ಹಗಲೆಲ್ಲ ಹಂಚು ಎಣಿಸಿ, ಸಂಜೆ ಬೈಂದೂರು ಬಸ್ಸಿನಲ್ಲಿ ಕಡಲಬದಿಯ ನಮ್ಮ ಮನೆಗೆ ಬಂದು, ಉಳಿದದ್ದನ್ನೆಲ್ಲ ಎಣಿಸಿ ದಿನಚರಿಯಲ್ಲಿ ಬರೆಯುತ್ತೇನೆ. ಕಪಾಟಿನಲ್ಲಿ ವರ್ಷದ ಪ್ರಕಾರ ಜೋಡಿಸಿಟ್ಟ ಒಂಬತ್ತು ದಿನಚರಿಗಳಿವೆ. ನನ್ನಷ್ಟು ಕಟ್ಟುನಿಟ್ಟಾಗಿ ಬರೆದಿಡುವವರು ಈ ಕಡೆ ಬೇರೆ ಯಾರೂ ಇಲ್ಲವೆಂಬ ಸಣ್ಣ ಜಂಬವೂ ನನಗಿತ್ತು. ಕಳೆದ ಭಾನುವಾರ ಮಧ್ಯಾಹ್ನ ಹನ್ನೆರಡು ಇಪ್ಪತ್ತರವರೆಗೆ ಇತ್ತು.

ಅಂದು ನನ್ನನ್ನು ಹೊರಡಿಸಿದವರು ಸುಧಾಕರ ಭಾವ. ನನ್ನ ಅಕ್ಕನ ಗಂಡ. ಬ್ರಹ್ಮಾವರದಲ್ಲಿ ಹೋಟೆಲು ನಡೆಸುತ್ತಾರೆ, ರಜೆ ಸಿಕ್ಕರೆ ದೋಣಿ ಹತ್ತುತ್ತಾರೆ. "ಹ್ವಾಯ್, ಭಾನುವಾರ ಹೆಮ್ಮಾಡಿ ಹೊಳೆಬದಿಗೆ ಬಾ. ದೂರ ದೂರ ದೋಣಿ ಹೊಡೂವರೆಲ್ಲ ಒಟ್ಟು ಸೇರ್ತ್ರ್" ಎಂದು ಫೋನು ಮಾಡಿದರು.

"ನಾನ್ ಎಂತಕ್ಕೆ ಭಾವ? ನಂಗೆ ಈಜುಕೂ ಬತ್ತಿಲ್ಲೆ."

"ಊಟ ಮಾಡುಕೆ ಈಜ್ ಬರ್ಕಾ ಮರಾಯಾ? ಕೋಳಿ ಸಾರ್ ಇತ್ತ್."

ಹೊರಡುವ ಮೊದಲು ನನ್ನ ಜಲಪ್ರಯಾಣದ ಲೆಕ್ಕ ತೆಗೆದು ನೋಡಿದೆ. ಹೊಳೆ ದಾಟಿದ್ದು: ಮೂರು ಸಲ. ಕಣ್ಣು ಮುಚ್ಚಿಕೊಂಡು ದಾಟಿದ್ದು: ಮೂರು ಸಲ. ವಾಂತಿ: ಒಂದು.

ಹೊಳೆಬದಿಯ ಚಪ್ಪರದಲ್ಲಿ ಇಪ್ಪತ್ತೆರಡು ಜನರಿದ್ದರು. ಅಗಲ ಎದೆ, ದಪ್ಪ ತೋಳಿನ ಸಾಹಸಿಗಳನ್ನು ನಿರೀಕ್ಷಿಸಿ ಹೋದವನಿಗೆ ಕಂಡವರು ಬಸ್ಸಿನಲ್ಲಿ ನನ್ನ ಪಕ್ಕ ದಿನಾ ಕೂರುವಂಥ ಜನ. ಇವರೆಲ್ಲ ಮೀನಿಗಾಗಿ ಅಲ್ಲ, ಸರಕಿಗಾಗಿ ಅಲ್ಲ, ಬರೀ ಹೋಗಬೇಕೆನ್ನಿಸಿತೆಂದು ಸಣ್ಣ ದೋಣಿಗಳಲ್ಲಿ ಕೂತು, ಸ್ವಂತ ತೋಳಿನಿಂದ ಹುಟ್ಟು ಹಾಕುತ್ತಾ ಕಾರವಾರದಿಂದ ಮಲ್ಪೆಗೆ, ಮಲ್ಪೆಯಿಂದ ಮಂಗಳೂರಿಗೆ ಹೋಗಿ ಬಂದವರು. ಅದನ್ನು ಹೇಳುವ ರೀತಿಯೇ ನನ್ನನ್ನು ಬೆರಗುಗೊಳಿಸಿತು. ಒಬ್ಬರು, "ಅವತ್ತ್ ರಾತ್ರಿಯಿಡೀ ನೆಲ ಕಾಣ್ಲಿಲ್ಲೆ, ನಕ್ಷತ್ರ ಕಂಡ್ಕಂಡ್ ಬಂದೆ" ಎಂದವರು ಅದೇ ಉಸಿರಿನಲ್ಲಿ, "ಉಪ್ಪಿನಕಾಯಿ ಈಚೆ ಹಾಕಿ" ಎಂದರು. ನಾನಾಗಿದ್ದರೆ ಅದೊಂದು ರಾತ್ರಿಗೇ ಹತ್ತನೇ ದಿನಚರಿ ತುಂಬುತ್ತಿತ್ತು. ಎಲ್ಲರ ಅಂಗೈ ನೋಡಿದೆ. ತೆಂಗಿನ ಕರಟದಂತೆ ಗಟ್ಟಿ. ನನ್ನ ಕೈಯಲ್ಲಿದ್ದದ್ದು ಪೆನ್ನು ಒತ್ತಿ ಒತ್ತಿ ಎದ್ದ ಒಂದು ಗಂಟು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಚಪ್ಪರದ ಒಂದು ಬದಿಗೆ ಹಾಸಿಗೆ ಹೊದಿಕೆಯಷ್ಟು ದೊಡ್ಡ ಬಿಳಿ ಬಟ್ಟೆ ತೂಗುತ್ತಿತ್ತು. ಅದರ ಮೇಲೆ ನಮ್ಮ ಕರಾವಳಿಯ ನಕ್ಷೆ. ಒಬ್ಬೊಬ್ಬರ ಪ್ರಯಾಣ ಒಂದೊಂದು ಬಣ್ಣದ ನೂಲಿನಲ್ಲಿ, ದಡದಿಂದ ದಡಕ್ಕೆ ಹೊಲಿಗೆ. ಹೊಲಿಯುವವರು ಸುಮತಿಯಕ್ಕ, ಕುಂದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವವರು, ಅವರದೇ ಹಸಿರು ನೂಲು ಕಾರವಾರ ಮುಟ್ಟಿದೆ. ಇಲ್ಲಿನ ಕಟ್ಟಳೆಯನ್ನು ಭಾವ ನನಗೆ ಪಿಸುಗುಟ್ಟಿದರು: ಯಾವ ದಡದಲ್ಲಿ ಯಾವ ದಿನ ಇಳಿದದ್ದೆಂದು ಅಂದೇ ಬರೆದಿಟ್ಟ ಚೀಟಿ ತೋರಿಸಬೇಕು. ಯಾರು ಬರೆದರೂ ಆದೀತು, ಯಾವ ಕಾಗದವಾದರೂ ಆದೀತು. ಆಮೇಲೆ ನೆನಪಿಸಿಕೊಂಡು ಬರೆದದ್ದು ಆಗದು. ಆಗ ಗಂಟೆ ಹನ್ನೆರಡು ಇಪ್ಪತ್ತು. ನನ್ನ ಜಂಬ ಹೊಳೆ ಸೇರಿತು.

ಆ ನಕ್ಷೆಯಲ್ಲಿ ಕೆಂಪು ನೂಲೊಂದು ಉತ್ತರದಿಂದ ಶಿರೂರಿನವರೆಗೆ ಬಂದು ನಿಂತುಬಿಟ್ಟಿತ್ತು. ಮತ್ತೆ ಮರವಂತೆಯಿಂದ ಶುರುವಾಗಿ ಮಂಗಳೂರಿಗೆ ಹೋಗಿತ್ತು. ನಡುವೆ ಒಂದು ಗೇಣು ಖಾಲಿ. ಅದು ರತ್ನಾಕರ ಮಾಸ್ಟ್ರ ನೂಲು. ನಿವೃತ್ತ ಡ್ರಿಲ್ ಮಾಸ್ಟ್ರು. ಊಟ ಮುಗಿದು ಪಾಯಸ ಬಂದಾಗ ಅವರು ಎದ್ದು ನಕ್ಷೆಯ ಎದುರು ನಿಂತರು. ಎರಡು ವರ್ಷದಿಂದ ಪ್ರತಿ ಕೂಟದಲ್ಲೂ ಹೀಗೆ ನಿಲ್ಲುತ್ತಾರಂತೆ.

"ಸುಮತೀ, ಆ ಒಂದ್ ಗೇಣ್ ಹೊಲ್ದ್ ಬಿಡ್ ಮಾರಾಯ್ತಿ. ಇನ್ನೊಂದ್ ಸಲ ಹೋಪುಕೆ ಈ ಭುಜ ಕೇಂತಿಲ್ಲೆ" ಎಂದರು. ಭುಜದ ಆಪರೇಷನ್ ಆಗಿ ಅವರು ಹುಟ್ಟು ಹಿಡಿಯುವುದನ್ನೇ ಬಿಟ್ಟಿದ್ದರು.

"ಬುಧವಾರವಾ, ಗುರುವಾರವಾ ಮಾಸ್ಟ್ರೇ?"

ಮಾಸ್ಟ್ರು ತಲೆ ತಗ್ಗಿಸಿದರು. "ಗೊತ್ತಿಲ್ಲೆ. ಸುಳ್ಳ್ ಹೇಳುಕಾತಿಲ್ಲೆ."

"ಹಂಗಾರೆ ನಾನೂ ಸೂಜಿ ಹಾಕುಕಾತಿಲ್ಲೆ" ಎಂದ ಸುಮತಿಯಕ್ಕನ ಮುಖದಲ್ಲೂ ಬೇಜಾರಿತ್ತು.

ಹೊಸಬನಾದ ನನಗಾಗಿ ಮಾಸ್ಟ್ರು ಕಥೆ ಹೇಳಿದರು. ನವರಾತ್ರಿ ಕಳೆದ ಮೇಲಿನ ವಾರ. ಬೈಂದೂರಿನ ಹತ್ತಿರ ದಡಕ್ಕೆ ಬರುವಾಗ ಅಲೆ ದೋಣಿಯನ್ನು ಮಗುಚಿ, ಬರೆದಿಟ್ಟ ಪುಸ್ತಕವನ್ನೂ ಕನ್ನಡಕವನ್ನೂ ಒಯ್ದಿತು. ದೋಣಿಯನ್ನು ಬಂಡೆಯ ಮರೆಗೆ ಎಳೆದಿಟ್ಟು, ಕಣ್ಣು ಕಾಣದೆ ತಡವರಿಸುತ್ತಾ ಒಂದು ಮನೆಯ ಅಂಗಳಕ್ಕೆ ಹೋದರು. "ಬಾಗ್ಲಲ್ಲಿ ಒಬ್ಬ ಮಾಣಿ. ಕಡಲಿಂದ ಬಂದೆ ಅಂದ್ರೆ, 'ಕಡಲಿಂದ ಬಪ್ಪುಕೆ ನೀವೆಂತ ಬಂಗುಡೆಯಾ?' ಅಂದ. ಒಳಗಿಂದ ಅವ್ನ ಅಮ್ಮ ಬೈದ್ಕಂಡ್ ಬಂದ್ ಬೆಲ್ಲ ನೀರ್ ಕೊಟ್ಟ್, ಗಂಜಿ ಬಡ್ಸಿದ್ರ್. ಆ ಗಂಜಿ ಇಲ್ದಿರೆ ನಾನ್ ಮಂಗ್ಳೂರ್ ಮುಟ್ತಿರ್ಲಿಲ್ಲೆ. ಮತ್ತೆ ಎರಡ್ ಸಲ ಹುಡ್ಕಂಡ್ ಹೋದೆ; ಮನೆ ಗುರ್ತ್ ಸಿಕ್ಲಿಲ್ಲೆ." ಎಲ್ಲರೂ ಬಂಗುಡೆಗೆ ನಕ್ಕರು. ನಾನು ಪಾಯಸದ ಬಟ್ಟಲು ಕೆಳಗಿಟ್ಟೆ.

ಆ ಬಂಗುಡೆ ನನ್ನದೇ.

ಸುಮ್ಮನಿರಬಹುದಿತ್ತು. ಮಾಸ್ಟ್ರಿಗೆ ನನ್ನ ಮುಖದ ಗುರುತಿರಲಿಲ್ಲ. ಆದರೆ ಅವರು ಆ ಖಾಲಿ ಗೇಣಿನ ಮೇಲೆ ಬೆರಳಿಟ್ಟು ನಿಂತಿದ್ದರು, ಮತ್ತು ಅವರಿಗೆ ಬೇಕಾದ ಚೀಟಿ ಜಗತ್ತಿನಲ್ಲಿ ಒಂದೇ ಕಡೆ, ನಮ್ಮ ಕಪಾಟಿನಲ್ಲಿತ್ತು. ಅಂದು ನಾನು ಏನು ಬರೆದಿದ್ದೆನೆಂಬುದೂ ನನಗೆ ಚೆನ್ನಾಗಿ ನೆನಪಿತ್ತು, ಕಷ್ಟವಿದ್ದದ್ದು ಅಲ್ಲೇ. ಪಾಯಸದ ಚಮಚ ಕೈಯಲ್ಲೇ ಹಿಡಿದು ಎದ್ದೆ. "ಮಾಸ್ಟ್ರೇ, ಆ ಮಾಣಿ ನಾನೇ" ಎಂದೆ. "ಅವತ್ತೇ ಬರ್ದಿಟ್ಟಿದ್ದೆ."

ಅಮ್ಮನಿಗೆ ಫೋನು ಮಾಡಿ, ಎಡದಿಂದ ಏಳನೇ ದಿನಚರಿ ತೆಗೆಯಲು ಹೇಳಿದೆ. ಭಾವ ನನ್ನ ಕೈಯಿಂದ ಫೋನು ಕಸಿದು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಅಮ್ಮ ಪುಟ ಮಗುಚಿ ತಾರೀಕು ಓದಿದಳು. ಗುರುವಾರ.

"ಅಷ್ಟ್ ಸಾಕಮ್ಮ" ಎಂದೆ, ಪೆನ್ನು ತೆಗೆದು ತಾರೀಕು ಬರೆದುಕೊಳ್ಳುತ್ತಾ.

"ಸಾಕಾತಿಲ್ಲೆ. ಪೂರ್ತಿ ಓದಿ ಅಮ್ಮ" ಎಂದರು ಸುಮತಿಯಕ್ಕ.

ಅಮ್ಮ ಶಾಲೆಯಲ್ಲಿ ಪಾಠ ಓದುವವಳಂತೆ ಗಟ್ಟಿಯಾಗಿ ಓದಿದಳು: "ಕಾರ್ಖಾನೆಗೆ ರಜೆ. ಸಂಜೆ ನಾಲ್ಕು ಹತ್ತಕ್ಕೆ ಒದ್ದೆ ಮನುಷ್ಯ, ಒಂದು. ಕಡಲಿನಿಂದ ಬಂದೆ ಎನ್ನುತ್ತಾನೆ. ಸುಳ್ಳು. ಬೆಲ್ಲ ಎರಡು ತುಂಡು. ನೀರು ಮೂರು ಚೊಂಬು. ಗಂಜಿ ನಾಲ್ಕು ಸಲ ಹಾಕಿಸಿಕೊಂಡ. ನಾಲ್ಕು ಐವತ್ತೈದಕ್ಕೆ ಹೋದ. ಹೋದ ಮೇಲೆ ಚಮಚ ಎಣಿಸಿದೆ. ಹದಿನಾಲ್ಕು. ಸರಿ ಇದೆ." ಓದಿ ಮುಗಿಸಿ, "ನಿಂಗೆ ಮರ್ಯಾದಿ ಇತ್ತಾ ಮಾಣಿ? ಮನಿಗ್ ಬಂದವರ ಮೇಲೆ ಹೀಂಗೆ ಬರೂದಾ?" ಎಂದಳು.

ನಾನು ನೆಲ ನೋಡುತ್ತಿದ್ದೆ. ಮಾಸ್ಟ್ರು ಬಂದು ಆ ಕರಟದಂಥ ಕೈಯನ್ನು ನನ್ನ ತಲೆಯ ಮೇಲಿಟ್ಟರು. "ಗಂಜಿ ನಾಲ್ಕ್ ಸಲ! ನಾನ್ ಮೂರ್ ಅಂದ್ಕಂಡಿದ್ದೆ" ಎಂದರು. ಕಣ್ಣು ತುಂಬಿತ್ತು, ನಗುತ್ತಿದ್ದರು. ಸುಮತಿಯಕ್ಕ ಸೂಜಿಗೆ ಕೆಂಪು ನೂಲು ಪೋಣಿಸಿದರು. ಇಪ್ಪತ್ತೆರಡು ಜನ ಎದ್ದು ನಿಂತು, ಆ ಒಂದು ಗೇಣು ತುಂಬುವವರೆಗೆ ನೋಡಿದರು. ನಾನೂ ನೋಡಿದೆ. ಹೊಲಿಗೆ ಎಷ್ಟೆಂದು ಎಣಿಸಲು ಮರೆತೆ. ನನ್ನ ಬುದ್ಧಿ ಬಲಿತ ಮೇಲೆ ಇದೇ ಮೊದಲು.

ಹೊರಡುವಾಗ ಸುಮತಿಯಕ್ಕ ತೊಳೆದ ಚಮಚಗಳನ್ನು ಎಣಿಸುತ್ತಾ, "ಒಂದ್ ಕಮ್ಮಿ ಇತ್ತ್" ಎಂದರು. ನನ್ನನ್ನು ಕೆಣಕಲು ಹೇಳಿದ್ದೆಂದು ಎಲ್ಲರ ಜೊತೆ ನಾನೂ ನಕ್ಕೆ. ಮನೆಗೆ ಬಂದು ಏಳು ಗಂಟೆಗೆ ದಿನಚರಿ ತೆರೆದು, ಪೆನ್ನಿಗಾಗಿ ಅಂಗಿಯ ಕಿಸೆಗೆ ಕೈ ಹಾಕಿದೆ. ಬಂದದ್ದು ಪಾಯಸದ ಚಮಚ. ಪೆನ್ನು ಹೆಮ್ಮಾಡಿಯಲ್ಲೇ ಉಳಿದಿತ್ತು.

ಅಮ್ಮನ ಪೆನ್ಸಿಲು ಕೇಳಿ ತಂದು ಬರೆದೆ: ಒಣ ಮನುಷ್ಯ, ಒಂದು. ಚಮಚ, ಹದಿನೈದು.