ಏನೂ ಮಾಡದ ಎರಡು ಪಟ್ಟಿಗಳು

ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಮೆಮೊರಿಯನ್ನು ನಾನೇ ಹೆಚ್ಚಿಸುತ್ತೇನೆಂದು ಘೋಷಿಸಿದೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದವಳಿಗೆ ನಾಲ್ಕು ಸ್ಕ್ರೂ ಬಿಚ್ಚುವುದು ಯಾವ ಮಹಾ ವಿದ್ಯೆ!

ಅವಸರಕ್ಕೆ ಕಾರಣವಿತ್ತು. ಹಿಂದೊಂದು ವರ್ಷ ನಮ್ಮ ಬೆಳಗೋಡಿನ ಕಡೆ ಹೂಮಳೆಯೇ ಬಿದ್ದಿರಲಿಲ್ಲವೆಂದು ಹೆತ್ತೂರಿನ ಪ್ರತಾಪ್ ಬೆಳೆಗಾರರ ಸಭೆಯಲ್ಲಿ ಸಾರಿದ್ದ. ಕಾಫಿ ಹೂ ಅರಳಿಸುವ ಮಳೆಯ ವಿಷಯದಲ್ಲಿ ನನಗೆ ಎದುರು ಮಾತೇ! ಸಂಜೆ ನಾಲ್ಕಕ್ಕೆ ಅಂಕಿಸಮೇತ ಬರುತ್ತೇನೆಂದು ಸವಾಲು ಹಾಕಿದ್ದೆ. ವರ್ಷಗಟ್ಟಲೆ ನಾನೇ ಅಳೆದು ಬರೆದಿಟ್ಟ ಮಳೆಯ ಅಂಕಿಗಳೆಲ್ಲ ಆ ಕಂಪ್ಯೂಟರಿನಲ್ಲಿದ್ದವು. ಮೂಲ ಡೈರಿಗಳನ್ನು ಗೆದ್ದಲು ಓದಿ ಮುಗಿಸಿತ್ತು. ಕಂಪ್ಯೂಟರೋ, ಕಡತ ತೆರೆಯೆಂದರೆ ಧ್ಯಾನಕ್ಕೆ ಕೂರುತ್ತಿತ್ತು.

ಧ್ಯಾನದಲ್ಲಿ ನನ್ನ ಪತಿ ಸುಬ್ಬಯ್ಯನವರೂ ಕಡಿಮೆಯಲ್ಲ.

"ಏಳ್ರೀ! ಕೂತು ಕೂತು ಬೇರು ಬಿಡ್ತೀರಿ. ಈ ಕಂಪ್ಯೂಟರ್ ಟೇಬಲ್ ಕಾಲು ಅಲ್ಲಾಡ್ತಿದೆ ಅಂತ ಮೂರು ತಿಂಗಳಿಂದ ಹೇಳ್ತಿದೀನಿ!"

"ಆಯ್ತು ಕಣೇ ಶೀಲಾ."

ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದೆ. ನಾಲ್ಕು ಗೂಡು. ಎರಡರಲ್ಲಿ ಮೆಮೊರಿ. ಉಳಿದೆರಡರಲ್ಲಿ ಬರೀ ಬೋಳು ಪಟ್ಟಿಗಳು, ಮೈಮೇಲೆ ಒಂದು ಚಿಪ್ ಸಹ ಇಲ್ಲ! "ಇಲ್ಲೂ ಸೋಮಾರಿಗಳೇ!" ಎಂದು ಕಿತ್ತು ಎಸೆದೆ. ಸಕಲೇಶಪುರದ ಮಹೇಶನ ಅಂಗಡಿಯಿಂದ ತಂದ ಹೊಸ ಮೆಮೊರಿ ಆ ಗೂಡಿಗೆ ಕೂರಲೇ ಇಲ್ಲ. ಹಾಳಾಗಲಿ, ಇದ್ದದ್ದೇ ಸಾಕೆಂದು ಸ್ವಿಚ್ ಒತ್ತಿದರೆ ಕಂಪ್ಯೂಟರು ಪೂರ್ತಿ ಮೌನ!

ಮಹೇಶನಿಗೆ ಫೋನ್ ಮಾಡಿದೆ.

"ಮೇಡಂ, ಆ ಕಾಲದ ಮೆಷಿನ್‌ಗೆ ಆ ಜಾತಿ ಮೆಮೊರಿನೇ ಆಗ್ಬೇಕು. ಖಾಲಿ ಗೂಡಲ್ಲಿ ಬೋಳು ಪಟ್ಟಿ ಇದ್ವಲ್ಲ?"

"ಏನೂ ಕೆಲಸ ಮಾಡ್ತಿರಲಿಲ್ಲ. ಎಸೆದೆ."

"ಅಯ್ಯೋ ಮೇಡಂ! ಅವು ಸುಮ್ನೆ ಕೂತಿರೋದೇ ಕೆಲ್ಸ. ಅವು ಇಲ್ದಿದ್ರೆ ಸರ್ಕ್ಯೂಟ್ ಕಟ್ಟಾಗ್ತದೆ. ನೀವೇ ಅಲ್ವ ನಮಗೆ ಪಾಠ ಮಾಡಿದ್ದು?"

ಶಿಷ್ಯರನ್ನು ಫೇಲು ಮಾಡಬೇಕಾದಾಗ ಮಾಡಬೇಕಿತ್ತು!

ಕಸದ ಬುಟ್ಟಿ ಬೋರಲು ಹಾಕಿದೆ. ಗೊಬ್ಬರದ ಗುಂಡಿ ಕೆದಕಿದೆ. ಗಂಟೆ ಮೂರಾಯಿತು.

"ಆ ಹಸಿರು ಪಟ್ಟಿನಾ?" ಎಂದರು ಇವರು, ಕೂತಲ್ಲಿಂದಲೇ. "ಟೇಬಲ್ ಕಾಲಡಿ ಅವೆ. ನೀನೇ ಬೈದಲ್ಲ, ಸರಿ ಮಾಡ್ಬುಟ್ಟೆ."

ಬೆಳಿಗ್ಗೆಯಿಂದ ಟೇಬಲ್ ಒಮ್ಮೆಯೂ ಅಲ್ಲಾಡಿರಲಿಲ್ಲ. ನಾನು ಗಮನಿಸಿರಲಿಲ್ಲ!

ಪಟ್ಟಿಗಳನ್ನು ಒರೆಸಿ ಗೂಡಿಗೆ ಸೇರಿಸಿದೆ. ಕಂಪ್ಯೂಟರು ಗುರುಗುಟ್ಟಿ ಎದ್ದಿತು. ಕಡತ ತೆವಳುತ್ತ ತೆರೆಯತೊಡಗಿತು. ಅಷ್ಟರಲ್ಲಿ ಟೇಬಲ್ ವಾಲಿತು, ಸಡಿಲ ವೈರು ಜಾರಿತು, ಪರದೆ ಕಪ್ಪಾಯಿತು!

ಇವರು ಕುರ್ಚಿ ಎಳೆದುಕೊಂಡು ಬಂದು, ಕಾಲಿನ ಹೆಬ್ಬೆರಳನ್ನು ಟೇಬಲ್ ಕಾಲಡಿ ತೂರಿಸಿ ಕುಳಿತರು.

"ನೀನು ಬರ್ಕೊ. ಸುಮ್ನೆ ಕೂರೋದು ನಂಗೆ ಚೆನ್ನಾಗಿ ಬರ್ತದೆ."

ಟೇಬಲ್ ಬಂಡೆಯಂತೆ ನಿಂತಿತು. ವೈರು ಸಿಕ್ಕಿಸಿದೆ. ಮೂರೂವರೆಗೆ ಪರದೆಯ ಮೇಲೆ ಆ ವರ್ಷದ ಮಾರ್ಚ್ ತಿಂಗಳ ಮಳೆಯ ಲೆಕ್ಕ ಮೂಡತೊಡಗಿತು, ಒಂದೊಂದೇ ಸಾಲು.

"ಕಾಫಿ ಕುಡ್ಕೊಂಡು ಬರ್ಲಾ?" ಎಂದು ಇವರು ಮೇಲೇಳಲು ಹೊರಟರು.

"ಏಳಬೇಡಿ!" ಎಂದು ಕಿರುಚಿದೆ.

ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಅವರಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಕಾಫಿಯನ್ನು ನಾನೇ ತಂದುಕೊಟ್ಟೆ!